ಮೂಸುವ ಅಮಲು: ಅಟ್ಟಬೇಡಿ, ಹತ್ತಿರ ಕೂರಿಸಿ
(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಮಾದಕ ವಸ್ತು ಎಂದೊಡನೆ ನಮಗೆ ಗಾಂಜಾ, ಮದ್ಯಗಳ ನೆನಪಾಗುತ್ತದೆ. ಹನ್ನೆರಡರ ಹರೆಯದ ಹುಡುಗನಿಗೆ ಅವುಗಳಿಗಿಂತ ಸುಲಭವಾಗಿ ದೊರೆಯುವುದು ಪಂಕ್ಚರ್ ಹಾಕುವ ಸೊಲ್ಯೂಷನ್ ಮತ್ತು ಥಿನ್ನರ್. ಬಟ್ಟೆಗೆ ಸವರಿ ಮೂಸಿದರೆ ಕ್ಷಣದಲ್ಲಿ ಅಮಲೇರುತ್ತದೆ. ಇವುಗಳಲ್ಲಿರುವ ಟಾಲೂಯೀನ್‌ನಂತಹ ದ್ರಾವಕಗಳು ಮಿದುಳನ್ನು ಕೆಡಿಸುತ್ತವೆ. ಹೃದಯದ ಲಯ ತಪ್ಪಿ, ಮೊದಲ ಸಲವೇ ಪ್ರಾಣ ಹೋಗುವುದೂ ಉಂಟು.

ಆದುದರಿಂದ ಮೂಸುತ್ತಿರುವ ಮಗುವನ್ನು ಕಂಡಾಗ ಗದರಿಸಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಭಯ ಮತ್ತು ಓಟಗಳಿಂದಲೇ ಆ ಹೃದಯ ನಿಂತುಬಿಡಬಹುದು. ಮೆಲ್ಲನೆ ಮಾತನಾಡಿಸಿ, ಗಾಳಿಯಾಡುವೆಡೆ ಕೂರಿಸಿ. ಪ್ರಜ್ಞೆ ತಪ್ಪಿದರೆ ಒಡನೆ 108ಕ್ಕೆ ಕರೆ ಮಾಡಿ.

ಮಗುವಿಗೆ ಮದ್ಯ, ತಂಬಾಕು ಕೊಟ್ಟವರಿಗೆ 2015ರ ಬಾಲ ನ್ಯಾಯ ಕಾಯ್ದೆಯಡಿ 7 ವರ್ಷಗಳವರೆಗೆ ಸೆರೆವಾಸವಿದೆ. ಸೊಲ್ಯೂಷನ್ ಟ್ಯೂಬು ಮಾದಕ ವಸ್ತುಗಳ ಪಟ್ಟಿಯಲ್ಲಿಲ್ಲ. ಇಲ್ಲಿ ಪೊಲೀಸರಿಗಿಂತ ತಮ್ಮ ಮಾತಿಗೇ ಬೆಲೆ ಹೆಚ್ಚು. ಸೈಕಲ್ಲೇ ಇಲ್ಲದ ಹುಡುಗ ವಾರಕ್ಕೆ ಮೂರು ಟ್ಯೂಬು ಕೊಂಡರೆ ಅಂಗಡಿಯವರಿಗೆ ತಿಳಿಯದೆ ಇರುತ್ತದೆಯೇ? ಮಕ್ಕಳ ಕೈಗೆ ಕೊಡದಂತೆ ಅವರನ್ನು ಕಂಡು ಹೇಳಿರಿ.

ಈ ಚಟವನ್ನು ಬಿಡಿಸುವ ಗುಳಿಗೆಯಿಲ್ಲ. ಆಪ್ತ ಸಮಾಲೋಚನೆ, ಹೆತ್ತವರ ತಾಳ್ಮೆ, ಮರಳಿ ಶಾಲೆ, ಇವೇ ಚಿಕಿತ್ಸೆ. ಗ್ರಾಮಸಭೆಯಲ್ಲಿ ಹೆಸರೆತ್ತಿ ಅವಮಾನಿಸಿದರೆ ಮನೆಯವರು ಮುಚ್ಚಿಡುತ್ತಾರೆ, ಚಿಕಿತ್ಸೆ ತಪ್ಪುತ್ತದೆ. ಆಶಾ ಕಾರ್ಯಕರ್ತೆಯೊಡನೆ ಸದ್ದಿಲ್ಲದೆ ಮನೆಗೆ ಹೋಗಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿರಿ. ಟೆಲಿ ಮನಸ್ 14416ರಲ್ಲಿ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ; ವ್ಯಸನಮುಕ್ತಿ ಸಹಾಯವಾಣಿ 14446.

ಯಾವ ಅಂಗಡಿ, ಯಾವ ಪಾಳುಮನೆ ಎಂಬುದನ್ನು ಮಕ್ಕಳ ಗ್ರಾಮಸಭೆಯಲ್ಲಿ ಚೀಟಿ ಬರೆಸಿ ಕೇಳಿರಿ. ನಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.