ಆಟದ ಪೆಟ್ಟಿಗೆಯ ಸಂಗೀತ

ವಿಡಿಯೋ ಆಟದ ಮಾತೆತ್ತಿದರೆ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದು ಅದರ ಗದ್ದಲ. ಪಕ್ಕದ ಕೋಣೆಯಿಂದ ಬರುವ ಆ ಕಿರಿಚಾಟವನ್ನು ಸಂಗೀತವೆಂದು ಕರೆದರೆ ನೀವು ನಗಬಹುದು. ಆದರೆ ಆ ಗದ್ದಲದ ನಡುವಿನಿಂದಲೇ ಒಂದು ಮಟ್ಟನ್ನು ಹೆಕ್ಕಿಕೊಂಡು, ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು, ಕಡೆಗೆ ಪಿಟೀಲಿಗೋ ಪಿಯಾನೋಗೋ ತಮ್ಮ ಕಂಠಕ್ಕೋ ಅಳವಡಿಸಿದ ಜನ ಲೋಕದಲ್ಲಿ ಬಹು ಮಂದಿ ಇದ್ದಾರೆ. ಬಹುಪಾಲು ಕೂಲಿಯಿಲ್ಲದ ಈ ಕೆಲಸದ ವಿಚಾರವಾಗಿಯೇ ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಆ ಪೆಟ್ಟಿಗೆಯ ಬಡತನವನ್ನು ತಿಳಿಯಬೇಕು. 1983ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆ ಹೊರತಂದ ಫ್ಯಾಮಿಕಾಮ್ ಯಂತ್ರಕ್ಕೆ ಇದ್ದದ್ದು ಐದೇ ದನಿ. ಮೊನಚಾದವು ಎರಡು, ಮಂದ್ರಕ್ಕೆ ಒಪ್ಪುವ ಮೆತ್ತನೆಯದೊಂದು, ತಾಳಕ್ಕೆ ಒದಗುವ 'ಶ್' ಎಂಬ ಸದ್ದೊಂದು, ಮೊದಲೇ ತುಂಬಿಟ್ಟ ಚೂರುಪಾರು ಶಬ್ದಗಳನ್ನು ನುಡಿಸುವುದು ಮತ್ತೊಂದು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟಕ್ಕೆ ಕೋಜಿ ಕೊಂಡೊ ಅವರು ಸಂಗೀತ ಕಟ್ಟಿದ್ದು ಈ ಬಡ ಸಂಸಾರದಲ್ಲಿ. ಆಟಗಾರ ನೆಗೆದಾಗ, ನಾಣ್ಯ ಸಿಕ್ಕಾಗ ಆಗುವ ಸದ್ದಿಗೂ ಇದೇ ದನಿಗಳಲ್ಲಿ ಪಾಲು ಕೊಡಬೇಕು. ಆ ಗಳಿಗೆಯಲ್ಲಿ ಹಾಡಿನ ಒಂದು ಎಳೆ ಬಾಯಿ ಮುಚ್ಚುತ್ತದೆ. ವಾದ್ಯದ ನಾದಸುಖದಲ್ಲಿ ಅಡಗಿಕೊಳ್ಳುವಂತಿಲ್ಲ. ನೂರು ಸಲ ಮರುಕಳಿಸಿದರೂ ಬೇಸರ ಬರುವಂತಿಲ್ಲ. ಹೀಗಾಗಿ ಮಟ್ಟೇ ಗಟ್ಟಿಯಾಗಬೇಕಾಯಿತು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಸಂಗೀತವನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು.

ಗಟ್ಟಿಯಾದ ಮಟ್ಟು, ಬಡವಾದ ನಾದ. ಅಭಿಮಾನಿಗೆ ಜಾಗ ದೊರೆತದ್ದು ಇವೆರಡರ ನಡುವೆ. ಅಮೆರಿಕದ ಡೇವಿಡ್ ಲಾಯ್ಡ್ ಎಂಬವರು 1999ರಲ್ಲಿ ಓವರ್‌ಕ್ಲಾಕ್ಡ್ ರೀಮಿಕ್ಸ್ ಎಂಬ ಹೆಸರಿನಲ್ಲಿ ಇಂಥ ರೂಪಾಂತರಗಳನ್ನು ಕೂಡಿಸಿ ಎಲ್ಲರಿಗೂ ಉಚಿತವಾಗಿ ಒದಗಿಸತೊಡಗಿದರು. ಬಂದದ್ದನ್ನೆಲ್ಲ ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ತೀರ್ಪುಗಾರರ ಮಂಡಲಿಯೊಂದು ಕೇಳಿ ಆರಿಸುತ್ತದೆ. ಮೂಲವನ್ನೇ ಹೊಸ ವಾದ್ಯದಲ್ಲಿ ಒಪ್ಪಿಸಿದರೆ ಸಾಲದು. ಮೂಲದ ಗುರುತೇ ಸಿಗದಷ್ಟು ದೂರ ಹೋದರೂ ಒಪ್ಪಿಗೆಯಿಲ್ಲ. ಹೇಳುವುದಕ್ಕೆ ಸುಲಭವಾದ ಈ ನಿಯಮ ಪಾಲಿಸುವುದಕ್ಕೆ ಬಹಳ ಕಷ್ಟದ್ದೆಂದು ನನ್ನ ಭಾವನೆ. ಒಂದೇ ಭಾವಗೀತೆಗೆ ಬೇರೆ ಬೇರೆಯವರು ಮಟ್ಟು ಹಾಕಿದ್ದನ್ನು ಕೇಳಿ ಬಲ್ಲ ನಮಗೆ ಇದರ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ ನೋಡೋಣ. 1994ರಲ್ಲಿ ಬಂದ ಫೈನಲ್ ಫ್ಯಾಂಟಸಿ ಆರನೆಯ ಆಟದಲ್ಲಿ ಒಂದು ಸಂಗೀತನಾಟಕದ ಪ್ರಸಂಗವಿದೆ. ಹಿಂದೆ ಸೇನಾನಿಯಾಗಿದ್ದ ಸೆಲಿಸ್ ಎಂಬವಳು ಗಾಯಕಿಯ ವೇಷ ಧರಿಸಿ ರಂಗಕ್ಕೆ ಬರುತ್ತಾಳೆ. ಸಂಗೀತ ನೊಬುವೊ ಉಎಮಾತ್ಸು ಅವರದು. ಆ ಹೊತ್ತಿನ ಯಂತ್ರಕ್ಕೆ ಎಂಟು ದನಿಗಳಿದ್ದುವು, ನಾದವೂ ಮೊದಲಿಗಿಂತ ತುಂಬಿಕೊಂಡಿತ್ತು. ಆದರೆ ಮಾತು ಹಾಡುವ ಶಕ್ತಿ ಮಾತ್ರ ಇರಲಿಲ್ಲ. ಹಾಡಿನ ಸಾಲುಗಳು ತೆರೆಯ ಮೇಲೆ ಮೂಡಿದುವು. ಯಂತ್ರ ಕಂಠವನ್ನು ಹೋಲುವ ಒಂದು ಸ್ವರವನ್ನು ಗುನುಗಿತು. ಉಳಿದದ್ದನ್ನು ಆಟಗಾರ ತನ್ನ ಮನಸ್ಸಿನಲ್ಲಿಯೇ ಹಾಡಿಕೊಳ್ಳಬೇಕಾಗಿತ್ತು. ಹಾಗೆ ಮನಸ್ಸಿನಲ್ಲಿ ಹಾಡಿಕೊಂಡ ಮಕ್ಕಳು ದೊಡ್ಡವರಾದರು. ಓವರ್‌ಕ್ಲಾಕ್ಡ್ ರೀಮಿಕ್ಸ್ ಬಳಗದವರು ಈ ಆಟದ ಸಂಗೀತವನ್ನೆಲ್ಲ 74 ರಚನೆಗಳಾಗಿ ಹೊಸದಾಗಿ ಕಟ್ಟಿ 2013ರಲ್ಲಿ ಹೊರತಂದಾಗ, ಆ ನಾಟಕದ ಪ್ರಸಂಗವನ್ನು ಮನುಷ್ಯ ಕಂಠಗಳೇ ಹಾಡಿದುವು.

ಆದರೆ ಆ ಸಂಕಲನ ಹೊರಬರುವ ದಾರಿ ಸಲೀಸಾಗಿರಲಿಲ್ಲ. ಮುದ್ರಣದ ವೆಚ್ಚಕ್ಕೆಂದು 2012ರಲ್ಲಿ ಸಾರ್ವಜನಿಕರಿಂದ ಚಂದಾ ಎತ್ತತೊಡಗಿದೊಡನೆ, ಹಕ್ಕಿನ ಒಡೆಯರಾದ ಸ್ಕ್ವೇರ್ ಎನಿಕ್ಸ್ ಸಂಸ್ಥೆ ಆಕ್ಷೇಪಣೆ ಎತ್ತಿತು, ಚಂದಾ ನಿಂತಿತು. ಮಾತುಕತೆ ನಡೆದು ಒಪ್ಪಂದವಾದ ಮೇಲೆ ಮತ್ತೆ ಮೊದಲಿನಿಂದ ಎತ್ತಿದರು. ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. ಒಡೆಯರ ಕೋಪ ಅನ್ಯಾಯವೆಂದು ನಾನು ಹೇಳಲಾರೆ. ಮಟ್ಟು ಅವರದು, ಹಣದ ವ್ಯವಹಾರ ಬಂದೊಡನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆದರೆ ವರ್ಷಗಳ ಬಿಟ್ಟಿ ದುಡಿಮೆಯ ಅಳಿವು ಉಳಿವು ಒಂದು ಕಾಗದದ ಮೇಲೆ ನಿಲ್ಲುತ್ತದೆಂಬುದನ್ನೂ ಮರೆಯುವಂತಿಲ್ಲ. ಇದೇ ಬಳಗದವರಿಂದಲೇ ಕ್ಯಾಪ್‌ಕಾಮ್ ಸಂಸ್ಥೆ 2008ರಲ್ಲಿ ತನ್ನ ಸ್ಟ್ರೀಟ್ ಫೈಟರ್ ಆಟದ ಹೊಸ ಆವೃತ್ತಿಗೆ ಸಂಗೀತ ಮಾಡಿಸಿಕೊಂಡಿತ್ತು.

ಜಪಾನಿನಲ್ಲಿ ಇನ್ನೊಂದು ರೀತಿಯೂ ನಡೆದಿದೆ. ತೋಹೋ ಎಂಬ ಆಟಗಳ ಸರಣಿಯನ್ನು ಝುನ್ ಎಂದು ಹೆಸರಾದ ಒಬ್ಬರೇ ರಚಿಸುತ್ತಾರೆ. ಸಂಗೀತವೂ ಬಹುಮಟ್ಟಿಗೆ ಅವರದೇ. ಕೆಲವು ಕಟ್ಟಳೆಗಳಿಗೆ ಒಳಪಟ್ಟು, ಯಾರು ಬೇಕಾದರೂ ತಮ್ಮ ರೂಪ ಕಟ್ಟಿಕೊಳ್ಳಲಿ ಎಂದು ಅವರು ಬಿಟ್ಟುಕೊಟ್ಟಿದ್ದಾರೆ. ಟೋಕಿಯೋದ ಕಾಮಿಕ್ ಮಾರ್ಕೆಟ್ ಸಂತೆಯಲ್ಲಿ ಅಭಿಮಾನಿಗಳು ತಾವು ಕಟ್ಟಿದ್ದನ್ನು ತಾವೇ ಮೇಜಿನ ಮೇಲಿಟ್ಟು ಮಾರುತ್ತಾರೆ. ಅವರ 1998ರ ಒಂದು ಆಟದಲ್ಲಿದ್ದ 'ಬ್ಯಾಡ್ ಆಪಲ್' ಎಂಬ ಮಟ್ಟಿಗೆ 2007ರಲ್ಲಿ ಅಭಿಮಾನಿ ಬಳಗವೊಂದು ಹೊಸ ಲಯ ಕಟ್ಟಿ, ಸಾಹಿತ್ಯ ಸೇರಿಸಿ, ಗಾಯಕಿಯೊಬ್ಬರಿಂದ ಹಾಡಿಸಿತು. ಇಂದು ಆ ಹಾಡನ್ನು ಬಲ್ಲವರಲ್ಲಿ ಎಷ್ಟೋ ಮಂದಿ ಮೂಲದ ಆಟವನ್ನು ಕಣ್ಣಿನಿಂದಲೂ ನೋಡಿದವರಲ್ಲ.