ಸೋತ ಮೇಲೂ ಕೆಲಸ ಬಿಡಬಾರದು



ಬೆಳ್ಳಿ ಹಬ್ಬದ ದಿನ ಅಮೆರಿಕದ ಸುದ್ದಿ ಯಾಕೆ ಅಂತ ತಾವು ಕೇಳಬಹುದು. ನಮ್ಮ ಸಂಘಕ್ಕೆ ಬೇಕಾದ ಒಂದು ಮಾತು ಅದರಲ್ಲಿದೆ.

ಬರಾಕ್ ಒಬಾಮ ಅವರು ರಾಷ್ಟ್ರಾಧ್ಯಕ್ಷರಾದದ್ದು 2009ರಲ್ಲಿ. ಅದಕ್ಕೂ ಮೊದಲು, 1997ರಿಂದ 2004ರವರೆಗೆ, ಇಲಿನಾಯ್ ರಾಜ್ಯದ ಸೆನೆಟ್ ಸದಸ್ಯರಾಗಿದ್ದರು. ಅದು ನಮ್ಮ ವಿಧಾನ ಪರಿಷತ್ತಿನಂಥ ಮೇಲ್ಮನೆ. ಆದರೆ ಅಲ್ಲಿ ಸದಸ್ಯರನ್ನು ಜನರೇ ನೇರವಾಗಿ ಓಟು ಹಾಕಿ ಆರಿಸುತ್ತಾರೆ. 2000ದಲ್ಲಿ ಅವರು ನಮ್ಮ ಲೋಕಸಭೆಯಂಥ ಸಭೆಗೆ ಹೋಗಲು ನಿಂತು, ತಮ್ಮ ಪಕ್ಷದೊಳಗಿನ ಚುನಾವಣೆಯಲ್ಲೇ ಬಾಬಿ ರಷ್ ಅವರ ಎದುರು ಹೀನಾಯವಾಗಿ ಸೋತರು. ಮುನಿಸಿಕೊಂಡು ಮನೆ ಸೇರಲಿಲ್ಲ. ರಾಜ್ಯದ ಸದನದಲ್ಲೇ ಕೆಲಸ ಮುಂದುವರಿಸಿದರು.

ಆ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾಗಿದ್ದ 13 ಮಂದಿ ಶಿಕ್ಷೆ ರದ್ದಾಗಿ ಹೊರಬಂದಿದ್ದರು. ಪೊಲೀಸರ ಬಲವಂತಕ್ಕೆ ತಪ್ಪೊಪ್ಪಿಕೊಂಡವರೂ ಅವರಲ್ಲಿದ್ದರು. ಕೊಲೆ ಕೇಸಿನ ವಿಚಾರಣೆಯನ್ನು ರೆಕಾರ್ಡ್ ಮಾಡಲೇಬೇಕೆಂಬ ಮಸೂದೆಯನ್ನು ಒಬಾಮ ತಂದಾಗ ಪೊಲೀಸರೂ ಸರ್ಕಾರಿ ವಕೀಲರೂ ಒಪ್ಪಲಿಲ್ಲ. ಒಪ್ಪದವರ ಜೊತೆಗೇ ಕೂತು ಮಾತಾಡಿದರು. 2003ರಲ್ಲಿ ಸೆನೆಟ್ಟಿನಲ್ಲಿ ಒಂದೂ ವಿರೋಧ ಮತವಿಲ್ಲದೆ ಅದು ಪಾಸಾಯಿತು.

ನಾವೂ ಒಂದು ಸಲ ಈ ಸಂಘದ ಚುನಾವಣೆಯಲ್ಲಿ ಸೋತಿದ್ದೆವು. ಆ ಸಿಟ್ಟಿಗೆ ಎರಡು ವರ್ಷ ಮಹಾಸಭೆಗೆ ಬರಲಿಲ್ಲ, ಗೊಬ್ಬರವನ್ನೂ ಪೇಟೆಯಿಂದಲೇ ತಂದೆವು. ನಷ್ಟ ಆದದ್ದು ಯಾರಿಗೆ? ನಮಗೂ, ಸಂಘಕ್ಕೂ. ಮುಂದೆ ಯಾರೇ ಸೋಲಲಿ, ಮಹಾಸಭೆಗೆ ಬಂದು ಲೆಕ್ಕ ಕೇಳಬೇಕು. ಗೆದ್ದವರು ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಇಷ್ಟು ಹೇಳಿ ನಮ್ಮ ಎರಡು ಮಾತು ಮುಗಿಸುತ್ತೇವೆ. ಜೈ ಸಹಕಾರ.