ದಕ್ಕೆಯ ದರ, ಮರಿಮೀನಿನ ಆಯುಸ್ಸು



ಜಾಗತಿಕ ಪೈಪೋಟಿ ಎಂದ ಕೂಡಲೇ ಕಡಲಿನ ಅಂಚಿನಲ್ಲಿ ಬಲೆ ಬಿಟ್ಟು ನಿಂತ ಪರದೇಶದ ಹಡಗೊಂದು ನಮ್ಮ ಕಣ್ಣ ಮುಂದೆ ಬರುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಲೋಕದ ಮಾರುಕಟ್ಟೆ ಎದುರಾಗುವುದು ಅಷ್ಟು ದೂರದಲ್ಲೇನೂ ಅಲ್ಲ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಏಲಂ ಕೂಗುವ ಹೊತ್ತಿಗೆ ಹೋಗಿ ನಿಂತರೆ ಸಾಕು, ಅದು ಕಾಣಿಸುತ್ತದೆ.

ಟ್ರಾಲ್ ಬೋಟಿನ ಅಂಜಲ್, ಮಾಂಜಿ, ಬೊಂಡಾಸ್ ಬೇರೆ ಬೇರೆಯಾಗಿ ಬುಟ್ಟಿ ಸೇರುತ್ತವೆ. ಉಳಿದದ್ದೆಲ್ಲ ಒಂದೇ ರಾಶಿ. ಆ ರಾಶಿಯಲ್ಲಿ ಕೈಹಾಕಿ ನೋಡಿದರೆ ಬೆರಳುದ್ದದ ಮದಿಮಾಲ್, ಕೊಡ್ಡಾಯಿ, ನಂಗ್ ಸಿಗುತ್ತವೆ. ನೀರಿನಲ್ಲೇ ಇದ್ದಿದ್ದರೆ ಮೊಟ್ಟೆಯಿಟ್ಟು, ತೂಕಕ್ಕೆ ಬಂದು, ಹಲವು ಪಟ್ಟು ಬೆಲೆ ತರುತ್ತಿದ್ದ ಮೀನುಗಳವು. ಈಗ ಅವು ಹೋಗುವುದು ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಒಣಗಿಸಿ ಪುಡಿ ಮಾಡುತ್ತಾರೆ. ನಾಲ್ಕೈದು ಕಿಲೋ ಹಸಿಮೀನಿಗೆ ಸಿಗುವುದು ಒಂದು ಕಿಲೋ ಪುಡಿ.

ಆ ಪುಡಿ ಸಿಗಡಿಗೆ ಮೇವು. 2009ರಲ್ಲಿ ವನ್ನಾಮಿ ತಳಿಯ ಸಾಕಣೆಗೆ ಅನುಮತಿ ಸಿಕ್ಕ ಮೇಲೆ ಆಂಧ್ರದ ಕರಾವಳಿಯ ತುಂಬ ಸಿಗಡಿ ಹೊಂಡಗಳೆದ್ದವು. ಭಾರತದ ಸಿಗಡಿಗೆ ಅತಿ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟ್‌ನಲ್ಲಿ ಆ ದೇಶ ನಮ್ಮ ಸರಕಿನ ಮೇಲೆ ಶೇ. 50ರಷ್ಟು ಸುಂಕ ಹೇರಿದಾಗ ಸಾಕಣೆದಾರರ ಸಂಕಟ ಸುದ್ದಿಯಾಯಿತು. ಅದೇ ಸರಪಳಿಯ ಈಚೆ ತುದಿಯಲ್ಲಿ ನಮ್ಮ ದಕ್ಕೆಯ ರಾಶಿಮೀನು ಇದೆ. ಮೇವಿಗೆ ಬೇಡಿಕೆ ಏರಿದರೆ ಮರಿಗಳನ್ನು ಹಿಡಿಯುವ ಆಸೆ ಹೆಚ್ಚುತ್ತದೆ. ದರ ಬಿದ್ದರೆ ಸಾಲದ ಕಂತು ತುಂಬಲು ಇನ್ನಷ್ಟು ಹಿಡಿಯಬೇಕಾಗುತ್ತದೆ. ಎರಡರಲ್ಲೂ ಸಾಯುವುದು ಮರಿಮೀನೇ.

ಹಿಂದೆ ನಮ್ಮಲ್ಲಿ ರಂಪಣಿಯಿತ್ತು. ದೋಣಿಯಲ್ಲಿ ಬಲೆ ಒಯ್ದು, ದಡದ ಹತ್ತಿರ ಬಂದ ಬಂಗುಡೆ, ಬೂತಾಯಿಯ ಹಿಂಡನ್ನು ಸುತ್ತುಗಟ್ಟಿ, ಎರಡು ತುದಿಗಳಲ್ಲೂ ಸಾಲುಗಟ್ಟಿ ನಿಂತು ಎಳೆಯುತ್ತಿದ್ದರು. ಅದು ಹಲವು ಮನೆಗಳ ಪಾಲುಗಾರಿಕೆ. ಊರಿನ ಹತ್ತಾರು ಜನ ಕೈಹಾಕದೆ ಆ ಬಲೆ ದಡಕ್ಕೆ ಬರುತ್ತಿರಲಿಲ್ಲ, ಕೈಹಾಕಿದವರಿಗೆಲ್ಲ ಪಾಲಿತ್ತು. ದಡಕ್ಕೆ ಬಾರದ ಮೀನು ಕಡಲಲ್ಲೇ ಉಳಿಯುತ್ತಿತ್ತು. ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸಲು ನಾನು ಬಂದಿಲ್ಲ. ಮೀನು ಹೆಚ್ಚಿಗೆ ಬಿದ್ದ ದಿನ ಕೊಳ್ಳುವವರಿಲ್ಲದೆ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಮಳೆಗಾಲದಲ್ಲಿ ಒಲೆ ಉರಿಯದ ಮನೆಗಳಿದ್ದವು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಸೇರುವ ಮೊದಲೇ ಸುತ್ತುವರಿದು, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುವ ವಿಧಾನ ಅದು. ರಂಪಣಿಯವರಿಗೂ ಬೋಟಿನವರಿಗೂ ಜಗಳಗಳಾದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು, ಸಣ್ಣ ಬಲೆಯ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿಯಿತು. ಬೋಟು ಮಾಡಿದ ಮನೆಗಳ ಮಕ್ಕಳು ಓದಿದರು, ಊರುಗಳಿಗೆ ಹಣ ಬಂತು, ಇದನ್ನು ಅಲ್ಲಗಳೆಯಬಾರದು. ಆದರೆ ಮೈಮುರಿದವನಿಗೆ ಸಿಗುತ್ತಿದ್ದ ಪಾಲು ಬಂಡವಾಳ ಹಾಕಿದವನ ಕಡೆಗೆ ವಾಲಿತು. ಇವತ್ತು ಈ ಬೋಟುಗಳಲ್ಲಿ ದುಡಿಯುವ ಕಲಾಸಿಗಳಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಆಂಧ್ರದವರು. ಸ್ಥಳೀಯ ಮೀನುಗಾರಿಕೆಯನ್ನು ಉಳಿಸೋಣ ಎನ್ನುವಾಗ ಅವರೂ ನಮ್ಮ ಲೆಕ್ಕದಲ್ಲಿರಬೇಕು.

ಪಕ್ಕದ ಕೇರಳದಲ್ಲಿ ಆದದ್ದನ್ನು ನೋಡಿ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೇ 3,297 ಟನ್. ಎಲ್ ನಿನೊದಂಥ ಹವಾಮಾನದ ಏರುಪೇರು ಒಂದು ಕಾರಣ, ಮರಿಗಳನ್ನೂ ಬಿಡದ ಬೇಟೆ ಇನ್ನೊಂದು. ಬೂತಾಯಿಗೆ ಮತ್ತಿ ಎನ್ನುವ, ಅದೆಂದರೆ ಪ್ರಾಣ ಬಿಡುವ ಕೇರಳಕ್ಕೆ ಒಮಾನ್‌ನಿಂದ ಬೂತಾಯಿ ಬಂತು. ನಮ್ಮ ಕಡಲನ್ನು ನಾವೇ ಬರಿದು ಮಾಡಿದಾಗ ಹೊರಗಿನ ಮೀನು ಒಳಗೆ ಬರಲು ಯಾರನ್ನೂ ಕೇಳಬೇಕಾಗಿಲ್ಲ. ಕೇರಳ 2015ರಲ್ಲೇ ಹಿಡಿಯಬಹುದಾದ ಮೀನಿಗೆ ಕನಿಷ್ಠ ಅಳತೆ ಗೊತ್ತುಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ತಾಯಿಮೀನಿಗೆ ಇದರಿಂದ ಉಪಕಾರವಿದೆ. ಆದರೆ ಆ ಮಳೆಯಲ್ಲಿ ಹುಟ್ಟಿದ ಮರಿಗಳು ಇನ್ನೂ ಬೆಳೆಯುತ್ತಿರುವಾಗಲೇ ಆಗಸ್ಟ್‌ನಲ್ಲಿ ಬೋಟುಗಳು ಹೊರಡುತ್ತವೆ. ಬಲೆಯ ಕಣ್ಣು ಸಣ್ಣದಿದ್ದರೆ ಎರಡು ತಿಂಗಳ ವಿರಾಮದ ಫಲ ಮೊದಲ ಕೆಲವು ಯಾನಗಳಲ್ಲೇ ಫಿಶ್‌ಮೀಲ್ ಲಾರಿ ಹತ್ತುತ್ತದೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ಆದೇಶ ಜಾರಿಯಾಗಲಿ ಎಂದು ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ.

ಹೊರಗಿನ ವೇದಿಕೆಯಲ್ಲಿ ಭಾರತ ಆಡುವ ಮಾತು ನನಗೆ ನ್ಯಾಯವಾಗಿ ಕಾಣುತ್ತದೆ. ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನ್‌ನಲ್ಲಿ ಮೀನುಗಾರಿಕೆಯ ಸಬ್ಸಿಡಿ ಕುರಿತ ಒಪ್ಪಂದ ಮಾಡಿತು. ಮುಂದಿನ ಮಾತುಕತೆಯಲ್ಲಿ ಸಬ್ಸಿಡಿ ನಿಲ್ಲಿಸಲು ನಮ್ಮಂಥ ದೇಶಗಳಿಗೆ 25 ವರ್ಷಗಳ ಕಾಲಾವಕಾಶ ಬೇಕೆಂದು ಭಾರತ ಕೇಳಿದೆ. ದೂರದ ಸಾಗರಗಳನ್ನು ದಶಕಗಳ ಕಾಲ ಬಳಿದವರು ಮೊದಲು ಕೈ ಹಿಂದೆ ತೆಗೆಯಲಿ. ಆದರೆ ಈ ನ್ಯಾಯವನ್ನು ಮನೆಯೊಳಗೂ ಕೇಳಬೇಕು. ತೆರಿಗೆರಹಿತ ಡೀಸೆಲ್ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹೆಚ್ಚು ಉರಿಸುವ ಬೋಟಿಗೆ ಹೆಚ್ಚು ಲಾಭ. ಸೀಮೆಎಣ್ಣೆಗಾಗಿ ಕಾಯುವ ನಾಡದೋಣಿಯವನಿಗೆ, ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೆ ಅದರಲ್ಲಿ ಪಾಲಿಲ್ಲ.

ಆ ಹೆಂಗಸರ ಬಗ್ಗೆ ಹೇಳದೆ ಈ ವಿಷಯ ಮುಗಿಯದು. ಒಂದು ಬುಟ್ಟಿ ಬೂತಾಯಿಗೆ ದರ ಕೂಗುವಾಗ ಆಕೆಯ ಎದುರು ನಿಲ್ಲುವುದು ಶೀತಲ ಲಾರಿಯ ವ್ಯಾಪಾರಿ ಮತ್ತು ಟನ್ ಲೆಕ್ಕದಲ್ಲಿ ಕೊಳ್ಳುವ ಕಾರ್ಖಾನೆ. ಬಡವರ ತಟ್ಟೆಗೆ ಅಗ್ಗದ ಮೀನು ಮುಟ್ಟಿಸುವವಳು ಆಕೆ. ಜನ ತಿನ್ನಬಹುದಾದ ಮೀನು ಮೊದಲು ಜನಕ್ಕೆ, ಉಳಿದದ್ದು ಮೇವಿಗೆ ಎಂಬ ನಿಯಮ ದಕ್ಕೆಯಲ್ಲೇ ಜಾರಿಗೆ ಬರಬೇಕು.

ಕಡಲಿನ ಮೇಲೆ ಸಾವಿರಾರು ಬೋಟುಗಳ ಹಿಂದೆ ಓಡುವುದಕ್ಕೆ ಯಾವ ಇಲಾಖೆಗೂ ಆಗದು. ಆದರೆ ಕಾರ್ಖಾನೆಗಳಿರುವುದು ಬೆರಳೆಣಿಕೆಯ ಕಡೆಗಳಲ್ಲಿ, ಅವುಗಳ ಗೇಟಿಗೆ ತೂಕದ ಯಂತ್ರವಿದೆ. ಕನಿಷ್ಠ ಅಳತೆಗಿಂತ ಸಣ್ಣ ಮೀನನ್ನು ಹಿಡಿದವನಷ್ಟೇ ಅಲ್ಲ, ಕೊಂಡವನೂ ದಂಡ ಕಟ್ಟುವಂತಾಗಲಿ. ಯಾವ ಕಾರ್ಖಾನೆ ಎಷ್ಟು ಮೀನು ಕೊಂಡಿತೆಂಬ ಲೆಕ್ಕ ಪ್ರತಿ ತಿಂಗಳು ಬಂದರಿನ ಫಲಕದ ಮೇಲೆ ಬರಲಿ. ಬಲೆಯ ಕಣ್ಣು ದೊಡ್ಡದು ಮಾಡಿದ ಬೋಟಿನವರಿಗೆ ಮೊದಮೊದಲು ನಷ್ಟವಾಗುತ್ತದೆ. ಡೀಸೆಲ್‌ಗೆ ಕೊಡುವ ಹಣದಲ್ಲಿ ಒಂದು ಭಾಗವನ್ನು ಅದನ್ನು ತುಂಬಿಕೊಡಲು ತೆಗೆದಿಡಬೇಕು. ಇದನ್ನೆಲ್ಲ ತೀರ್ಮಾನಿಸುವ ಸಮಿತಿಯಲ್ಲಿ ಬೋಟು ಮಾಲಕರ ಜೊತೆಗೆ ನಾಡದೋಣಿಯವರಿಗೂ, ಕಲಾಸಿಗಳಿಗೂ, ಮೀನು ಮಾರುವ ಹೆಂಗಸರಿಗೂ ಕುರ್ಚಿಯಿರಬೇಕು.